ಗೆಳೆಯನಿಗೊಂದು ಪತ್ರ: ಹಳೆಯ ಸೈನಿಕರ ಬಣ್ಣ ಕೀಳುವ ಮುನ್ನ

ಕೊಪ್ಪಳ

ಆತ್ಮೀಯ ಗೆಳೆಯನಿಗೆ,

ನಾನಿಲ್ಲಿ ಕ್ಷೇಮ. ನೀನು ಬಳ್ಳಾರಿಯಿಂದ ಕಳುಹಿಸಿದ ಡಬ್ಬಿ ಕಳೆದ ವಾರ ಕೈಸೇರಿತು. ಯಾರೋ ಆಡಿ ಮಾರಿದ, ಮೇಜಿನ ಮೇಲಿನ ಯುದ್ಧದಾಟದ ಪುಟ್ಟ ಸೈನಿಕರು ಒಟ್ಟು ಇಪ್ಪತ್ತೆರಡು ಮಂದಿ ಇದ್ದಾರೆ; ಹದಿನಾಲ್ಕು ಮಂದಿ ಲೋಹದವರು, ಉಳಿದವರು ಪ್ಲಾಸ್ಟಿಕ್ಕಿನವರು. ಎಲ್ಲರ ಬಣ್ಣವನ್ನೂ ಕಿತ್ತು ಹೊಸದಾಗಿ ಹಚ್ಚಿಕೊಡು ಎಂದು ಚೀಟಿಯಲ್ಲಿ ಬರೆದಿರುವೆ. ಒಬ್ಬೊಬ್ಬರನ್ನೂ ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದ ಮೇಲೆ ಆ ಮಾತನ್ನು ಪೂರ್ತಿ ಒಪ್ಪಲು ನನ್ನಿಂದ ಆಗುತ್ತಿಲ್ಲ.

ಪಾದದಿಂದ ಕಣ್ಣಿನವರೆಗೆ 28 ಮಿಲಿಮೀಟರ್ ಎತ್ತರದ ಈ ಆಳುಗಳಲ್ಲಿ ಗುಂಡಿ, ನಡುಪಟ್ಟಿಯ ಕೊಂಡಿ, ಬೆರಳುಗಳ ನಡುವಿನ ಗೀರು ಎಲ್ಲವೂ ಕೂದಲೆಳೆಯಷ್ಟು ಆಳದವು. ಒಂಬತ್ತು ಮಂದಿಗೆ ಮೊದಲಿನವರು ಬಣ್ಣವನ್ನು ಎಷ್ಟು ದಪ್ಪ ಬಳಿದಿದ್ದಾರೆಂದರೆ ಮೂಗು ಕೆನ್ನೆಯೊಳಗೆ ಮುಳುಗಿಹೋಗಿದೆ. ಅವರ ಬಣ್ಣವನ್ನು ಕೀಳಲೇಬೇಕು. ಉಳಿದವರದು ತೆಳುವಾದ, ಹದವರಿತ ಕೆಲಸ. ಆಡುವವರ ಬೆರಳು ತಾಗುವ ಟೋಪಿಯ ಅಂಚು, ಮೊಣಕೈ, ಬಯೋನೆಟ್ಟಿನ ತುದಿಗಳಲ್ಲಿ ಮಾತ್ರ ಬಣ್ಣ ಹಾರಿದೆ. ಆ ಡೋಲಿನವನನ್ನೇ ನೋಡು. ಡೋಲಿನ ಸುತ್ತ ಬಿಳಿ ಹಗ್ಗಗಳನ್ನು ಒಂದರ ಪಕ್ಕ ಒಂದು ಕೈ ನಡುಗದಂತೆ ಎಳೆದು, ಪ್ರತಿ ಹಗ್ಗದ ಕೆಳಗೂ ಕಂದು ನೆರಳಿನ ಗೆರೆಯೊಂದನ್ನು ಇಟ್ಟಿದ್ದಾರೆ. ಅಷ್ಟು ತಾಳ್ಮೆಯಿಂದ ಕುಳಿತವರ ಕೆಲಸವನ್ನು ಒಂದು ರಾತ್ರಿಯಲ್ಲಿ ಕರಗಿಸಿಬಿಡುವುದು ನನಗೆ ಅನ್ಯಾಯವೆನಿಸುತ್ತದೆ.

ಕೀಳಬೇಕಾದ ಲೋಹದವರನ್ನು ನೀರು ಬೆರೆಸದ ಡೆಟಾಲಿನಲ್ಲಿ ರಾತ್ರಿಯಿಡೀ ನೆನೆಸಿದ್ದೇನೆ. ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕುವಾಗಲೂ ಬ್ರಷ್ಷನ್ನು ಡೆಟಾಲಿನಲ್ಲಿಯೇ ಅದ್ದಬೇಕು, ಏಕೆಂದರೆ ಬಣ್ಣವೆಲ್ಲ ಬಿಡುವ ಮೊದಲೇ ನೀರು ತಾಗಿದರೆ ಸಡಿಲಾದ ಬಣ್ಣ ಡಾಂಬರಿನಂತೆ ಅಂಟಾಗಿ ಸಂದುಗಳಲ್ಲಿ ಕೂರುತ್ತದೆ. ಬಣ್ಣ ಪೂರ್ತಿ ಬಿಟ್ಟ ಮೇಲೆಯೇ ಪಾತ್ರೆ ತೊಳೆಯುವ ಸಾಬೂನು ಮತ್ತು ನೀರು. ಪ್ಲಾಸ್ಟಿಕ್ಕಿನವರಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಹೋದ ವರ್ಷ ನಾನು ತಿಳಿಯದೆ ಒಬ್ಬ ಪ್ಲಾಸ್ಟಿಕ್ ಸೈನಿಕನನ್ನು ಅಸಿಟೋನ್ ಇರುವ ಉಗುರುಬಣ್ಣ ತೆಗೆಯುವ ದ್ರವದಲ್ಲಿ ಹಾಕಿದ್ದೆ. ಬಣ್ಣದ ಜೊತೆಗೆ ಬಂದೂಕು, ಕೈ ಎರಡೂ ಮೆತ್ತಗಾಗಿ ಬಾಗಿಹೋದವು. ಅವನನ್ನು ಉಳಿಸಿಕೊಳ್ಳಲಾಗಲಿಲ್ಲವೆಂಬ ನೋವು ಇನ್ನೂ ಇದೆ.

ಇನ್ನೊಂದು ಎಚ್ಚರಿಕೆ. ಹಳೆಯ ಲೋಹದ ಸೈನಿಕರಲ್ಲಿ ತವರದೊಂದಿಗೆ ಸೀಸ ಬೆರೆತಿರುವುದುಂಟು. ನಿನ್ನವರಲ್ಲಿ ಮೂವರ ಬರಿಯ ಅಡಿಯನ್ನು ಬಿಳಿ ಕಾಗದದ ಮೇಲೆ ಎಳೆದಾಗ ಪೆನ್ಸಿಲ್ಲಿನಂಥ ಬೂದು ಗೆರೆ ಮೂಡಿತು. ಅಂಥವರನ್ನು ಒಣದಾಗಿ ಉಜ್ಜಬೇಡ, ಮಕ್ಕಳ ಕೈಗೆ ಕೊಡಬೇಡ, ಮುಟ್ಟಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬೇಡ.

ಬಣ್ಣ ಹಿಡಿಯಲು ಮೊದಲು ಪ್ರೈಮರ್ ಬೇಕು. ಇಲ್ಲಿಗೆ ಹತ್ತಿರದ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಯ ತುಂಡುಗಳನ್ನು ಹುಣಸೆಯ ಅಂಟಿನಿಂದ ಕೂಡಿಸಿ, ಮೇಲೆ ಬಿಳಿ ಕಲ್ಲಿನ ಪುಡಿಯ ಲೇಪ ಕೊಟ್ಟು, ಅದು ಒಣಗಿದ ಬಳಿಕವೇ ಬಣ್ಣಕ್ಕೆ ಕೈಹಾಕುತ್ತಾರೆ. ನಮ್ಮ ಪ್ರೈಮರ್ ಮಾಡುವುದೂ ಆ ಲೇಪದ ಕೆಲಸವನ್ನೇ. ಆದರೆ ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಸ್ಪ್ರೇ ಡಬ್ಬಿಯ ಬಣ್ಣ ಗೊಂಬೆಯನ್ನು ತಲುಪುವ ಮೊದಲೇ ಗಾಳಿಯಲ್ಲಿ ಒಣಗಿ ಮೈಮೇಲೆ ಮರಳಿನಂತೆ ಕೂರುತ್ತದೆ. ಆದ್ದರಿಂದ ಬೆಳಗಿನ ತಂಪಿನಲ್ಲಿ ಆ ಕೆಲಸ ಮುಗಿಸುತ್ತೇನೆ. ಬಣ್ಣ ಕಲಸುವುದಕ್ಕೂ ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಬಟರ್ ಪೇಪರ್ ಇಟ್ಟುಕೊಂಡಿದ್ದೇನೆ. ಇಲ್ಲವಾದರೆ ಕುಂಚ ಎತ್ತುವಷ್ಟರಲ್ಲಿ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಗಟ್ಟಿಯಾಗುತ್ತದೆ.

ಬಣ್ಣ ಹಾರಿದ ಕಡೆ ತೇಪೆ ಹಾಕುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಅಕ್ರಿಲಿಕ್ ಒಣಗಿದಾಗ ಒಂದಿಷ್ಟು ಗಾಢವಾಗುವುದರಿಂದ, ಹಳೆಯ ಕೆಂಪಿಗೆ ಹೊಂದುವ ಕೆಂಪನ್ನು ಮೊದಲು ಕಾಗದದ ಚೂರಿಗೆ ಹಚ್ಚಿ, ಒಣಗಿಸಿ, ಕಿಟಕಿಯ ಬೆಳಕಿನಲ್ಲಿ ಅಂಗಿಯ ಪಕ್ಕ ಹಿಡಿದು ನೋಡುತ್ತೇನೆ. ನಿನ್ನೆ ಒಬ್ಬನ ತೋಳಿಗಾಗಿ ಆರು ಸಲ ಕಲಸಬೇಕಾಯಿತು. ಕೊನೆಗೆ ಒಂದು ಹನಿ ಕಂದು ಸೇರಿಸಿದಾಗ ಒಪ್ಪಿತು. ಹಾರಿದ ಚುಕ್ಕೆಗಷ್ಟೇ ಬಣ್ಣ ಹಚ್ಚಿದರೆ ಅದು ಕಲೆಯಂತೆ ಎದ್ದು ಕಾಣುತ್ತದೆ. ಹತ್ತಿರದ ಮಡಿಕೆಯವರೆಗೂ ತೆಳುವಾಗಿ ಎರಡು ಸಲ ಎಳೆದುಬಿಟ್ಟರೆ ಹೊಸದರ ಅಂಚು ಮಡಿಕೆಯ ನೆರಳಿನಲ್ಲಿ ಅಡಗುತ್ತದೆ. ಕೊನೆಗೆ ಹೊಳಪಿಲ್ಲದ ವಾರ್ನಿಷ್ ಬಳಿದರೆ ಹೊಸದು ಹಳೆಯದು ಒಂದೇ ಮೈಯಾಗುತ್ತವೆ.

1790ರಲ್ಲಿ ನಿಜಾಮನ ಮತ್ತು ಬ್ರಿಟಿಷರ ಪಡೆಗಳು ಟಿಪ್ಪುವಿನ ವಶದಲ್ಲಿದ್ದ ನಮ್ಮ ಕೊಪ್ಪಳದ ಕೋಟೆಗೆ ಹಾಕಿದ ಮುತ್ತಿಗೆಯನ್ನು ಮೇಜಿನ ಮೇಲೆ ಆಡಬೇಕೆಂಬುದು ನಿನ್ನ ಆಸೆಯಲ್ಲವೇ? ಬಣ್ಣ ಕಿತ್ತವರಲ್ಲಿ ಪೇಟ ಸುತ್ತಿದ ಐವರಿದ್ದಾರೆ. ಅವರನ್ನು ಟಿಪ್ಪುವಿನ ಕಾಲಾಳುಗಳನ್ನಾಗಿ ಮಾಡಿ, ಅಂಗಿಯ ಮೇಲೆ ಹುಲಿಪಟ್ಟೆಯ ಬಬ್ರಿ ಗುರುತುಗಳನ್ನು ಬರೆಯಬೇಕೆಂದಿದ್ದೇನೆ. ಡೋಲಿನವನನ್ನು ಇದ್ದಂತೆಯೇ ಬಿಡಲು ನಿನ್ನ ಒಪ್ಪಿಗೆ ಬೇಕು. ನಿನ್ನ ಉತ್ತರ ಬರುವವರೆಗೆ ಅವನನ್ನು ಹತ್ತಿಯಲ್ಲಿ ಸುತ್ತಿ ಬೇರೆ ಡಬ್ಬಿಯಲ್ಲಿ ಇಟ್ಟಿರುತ್ತೇನೆ.

ಮನೆಯಲ್ಲಿ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ