ಬ್ಯಾಲೆನ್ಸ್ ಮಾಡದ ಶಾಫ್ಟಿಗೆ ಬ್ಯಾಲೆನ್ಸಿಂಗ್ ಬಿಲ್ಲು

ಬದಿಯಡ್ಕ, ಕಾಸರಗೋಡು ಜಿಲ್ಲೆ
05-11-2025

ಇವರಿಗೆ,
ವ್ಯವಸ್ಥಾಪಕರು,
ಹಳೆಯ ವಾಹನಗಳ ರಿಪೇರಿ ವರ್ಕ್‌ಶಾಪ್,
ಮಂಗಳೂರು

ವಿಷಯ: ನಮ್ಮ 1974ರ ಜೀಪಿನ ಶಾಫ್ಟ್ ಕೆಲಸದಲ್ಲಿ ಆದ ತಪ್ಪಿನ ಬಗ್ಗೆ ದೂರು

ಮಾನ್ಯರೇ,

ಆಗಸ್ಟ್ ಕೊನೆಗೆ ನಮ್ಮ ಮಹೀಂದ್ರ ಸಿಜೆ-3ಬಿ ಪೆಟ್ರೋಲ್ ಜೀಪನ್ನು ನಿಮ್ಮಲ್ಲಿ ತಂದು ಬಿಟ್ಟಿದ್ದೆ. ಕ್ಲಚ್ ಬಿಡುವಾಗ ಅಡಿಯಿಂದ ಟಣ್ ಎಂದು ಸದ್ದು ಬರುತ್ತಿತ್ತು. ಎಂಜಿನಿನ ಶಕ್ತಿಯನ್ನು ಗೇರ್‌ಬಾಕ್ಸ್ ಕಡೆಯಿಂದ ಚಕ್ರಗಳ ಕಡೆಗೆ ಒಯ್ಯುವ ಶಾಫ್ಟ್‌ಗಳ ತುದಿಯ ಕ್ರಾಸ್‌ಗಳು (ಓರೆಯಲ್ಲೂ ತಿರುಗಲು ಬಿಡುವ ಕೀಲುಗಳು) ಸವೆದಿದ್ದವು, ಶಾಫ್ಟಿನ ಕೊಳವೆಗೆ ತುಕ್ಕು ಹತ್ತಿತ್ತು. ಅಷ್ಟು ಬಿಟ್ಟರೆ ಗಾಡಿಗೆ ಬೇರೆ ತೊಂದರೆ ಇರಲಿಲ್ಲ. 60ರ ವೇಗದಲ್ಲೂ ನಡುಕ ಇರಲಿಲ್ಲ. ನಿಮ್ಮ ಜಾಬ್ ಕಾರ್ಡ್‌ನಲ್ಲೂ ನಡುಕದ ಮಾತಿಲ್ಲ, ದಯವಿಟ್ಟು ತೆಗೆದು ನೋಡಿ.

ಸೆಪ್ಟೆಂಬರ್ 22ಕ್ಕೆ ಜೀಪು ವಾಪಸ್ ಸಿಕ್ಕಿತು. ನಾಲ್ಕು ಹೊಸ ಕ್ರಾಸ್, ತುಕ್ಕು ತೆಗೆಯುವ ಬ್ಲಾಸ್ಟಿಂಗ್, ಪೇಂಟ್, ಫಿಟ್ಟಿಂಗ್, ಡೈನಮಿಕ್ ಬ್ಯಾಲೆನ್ಸಿಂಗ್ (ಶಾಫ್ಟನ್ನು ಮೆಶಿನ್ನಿನಲ್ಲಿ ತಿರುಗಿಸಿ ಸುತ್ತಲೂ ಭಾರ ಸಮ ಮಾಡುವುದು) ಎಲ್ಲ ಸೇರಿ 13,600 ರೂಪಾಯಿ. ಅದರಲ್ಲಿ ಬ್ಯಾಲೆನ್ಸಿಂಗ್‌ಗೆಂದೇ 2,200. ಶಾಫ್ಟ್‌ಗಳು ಕಪ್ಪಗೆ ಹೊಳೆಯುತ್ತಿದ್ದವು. ನಿಜ ಹೇಳಬೇಕೆಂದರೆ ನೋಡಿ ಖುಷಿಯಾಗಿತ್ತು. ಆ ಖುಷಿ ತಲಪಾಡಿ ದಾಟುವವರೆಗೂ ಉಳಿಯಲಿಲ್ಲ. 40ರ ಹತ್ತಿರ ನೆಲದ ತಗಡಿನಿಂದ ಗುಂಯ್ ಎಂದು ಒಂದು ಮೊರೆತ ಶುರುವಾಯಿತು. 55 ದಾಟಿದ ಮೇಲೆ ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡಾಗಿ ಕಾಣಿಸಿತು. ಗೇರ್ ಕೋಲು ಹಿಡಿದ ಕೈ ಮೊಣಕೈಯವರೆಗೆ ಜುಮ್ಮೆನ್ನುತ್ತಿತ್ತು.

ಫೋನ್ ಮಾಡಿದಾಗ ನಿಮ್ಮ ಸೂಪರ್‌ವೈಸರ್ ಹೇಳಿದ ಮಾತು ನನಗೆ ತುಂಬಾ ಬೇಸರ ತಂದಿದೆ. "ಹಳೇ ಜೀಪು ಅಲ್ವಾ ಸಾರ್, ಸ್ವಲ್ಪ ಅದುರುವುದು ಇದ್ದದ್ದೇ." ಹಳೆಯದು ಹೌದು. ಆದರೆ ಐವತ್ತು ವರ್ಷದಲ್ಲಿ ಬಾರದ ನಡುಕ ನಿಮ್ಮ ಶೆಡ್ಡಿನಲ್ಲಿ ಮೂರು ವಾರ ನಿಂತದ್ದಕ್ಕೆ ಹೇಗೆ ಬಂತು?

ಅಕ್ಟೋಬರ್ 6ಕ್ಕೆ ಮತ್ತೆ ಮಂಗಳೂರಿಗೆ ಬಂದೆ. ಹೋಗಿ ಬರಲು ನೂರು ಕಿಲೋಮೀಟರ್‌ಗಿಂತ ಜಾಸ್ತಿ, ಆ ನಡುಗುವ ಗಾಡಿಯಲ್ಲೇ. ನಿಮ್ಮವರು ಗಾಡಿಯನ್ನು ಮಾರ್ಗದಲ್ಲಿ ಓಡಿಸಿಯೂ ನೋಡಲಿಲ್ಲ. ನಾಲ್ಕು ಚಕ್ರ ಬ್ಯಾಲೆನ್ಸ್ ಮಾಡಿದರು, ಎಂಜಿನ್, ಗೇರ್‌ಬಾಕ್ಸ್ ಕೂರುವ ಮೌಂಟಿಂಗ್‌ಗಳನ್ನು ಬದಲಾಯಿಸಿದರು, 6,850 ರೂಪಾಯಿ ತೆಗೆದುಕೊಂಡರು. ನಡುಕ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಆಮೇಲೆ ಹೇಳಿದ್ದು, ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳ ನಡುವಿನ ಆಕ್ಸಲ್ ಕವಚ) ಬಿಚ್ಚಿ ಅದರೊಳಗಿನ ಹಲ್ಲುಚಕ್ರಗಳ ಜೋಡಿ, ಕ್ರೌನ್ ಪಿನಿಯನ್ ಬದಲಾಯಿಸಬೇಕು, 28,000 ಆಗಬಹುದು ಅಂತ. ಕ್ರೌನ್ ಪಿನಿಯನ್ ಸವೆದರೆ ಊಳಿಡುವ ಸದ್ದು ಬರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ. ನಮ್ಮ ಗಾಡಿಯಲ್ಲಿ ಅಂಥ ಸದ್ದೇ ಇಲ್ಲ. ಒತ್ತಿದರೂ ಬಿಟ್ಟರೂ ನಡುಕ ಒಂದೇ ಥರ. ಅಷ್ಟು ದೊಡ್ಡ ಕೆಲಸ ಹೇಳುವ ಮೊದಲು ಇಷ್ಟಾದರೂ ಕೇಳಿಸಿಕೊಳ್ಳಬೇಕಿತ್ತು.

ಈ ಜೀಪಿನ ಬಗ್ಗೆ ಎರಡು ಮಾತು ಹೇಳುತ್ತೇನೆ. ಅಪ್ಪ ಇದನ್ನು ಕೊಂಡಾಗ ಕಾಸರಗೋಡು ಇನ್ನೂ ಕಣ್ಣೂರು ಜಿಲ್ಲೆಯಲ್ಲಿತ್ತು, 1984ರಲ್ಲಿ ಬೇರೆಯಾದದ್ದು. ಬದಿಯಡ್ಕ–ಮುಳ್ಳೇರಿಯ ಮಾರ್ಗದಲ್ಲಿ ಅವರು ಹದಿನೆಂಟು ವರ್ಷ ಸರ್ವೀಸ್ ಓಡಿಸಿದ್ದಾರೆ. ಅಡಿಕೆ ಮೂಟೆ, ಮದುವೆ ದಿಬ್ಬಣ, ಹೆರಿಗೆ ನೋವಿನ ಹೆಂಗಸರು, ಎಲ್ಲರೂ ಇದರಲ್ಲಿ ಹೋದವರೇ. ಈಗ ಅಪ್ಪನಿಗೆ ಎಂಬತ್ತೆರಡು. ಎರಡನೇ ಸಲ ನಿಮ್ಮಲ್ಲಿಂದ ತಂದ ಮೇಲೆ ಅವರನ್ನು ಕೂರಿಸಿಕೊಂಡು ನೀರ್ಚಾಲಿನವರೆಗೆ ಹೋದೆ. ಅವರು ಗೇರ್ ಕೋಲಿನ ಮೇಲೆ ಅಂಗೈ ಇಟ್ಟರು. ಆಮೇಲೆ ಸೀಟಿನ ಹಿಂದೆ ನೆಲಕ್ಕೆ ಕೈ ಇಟ್ಟರು. "ಇದು ಎಂಜಿನಿನದ್ದಲ್ಲ ಮಗಾ, ಹಿಂದಿನ ಶಾಫ್ಟಿನದ್ದು" ಅಂದರು. ಅವರ ಮಾತನ್ನು ಒಂದೊಂದಾಗಿ ಪರೀಕ್ಷೆ ಮಾಡಿದೆ. ನಿಮ್ಮವರು ಮಾಡಬೇಕಾಗಿದ್ದ ಕೆಲಸ ಅದು.

ಮೊದಲು ಗಾಡಿ ನಿಂತಲ್ಲೇ ಎಂಜಿನ್ ರೈಸ್ ಮಾಡಿದೆ. ನಡುಕ ಇಲ್ಲ. ಮರುದಿನ ಬೆಳಗ್ಗೆ ಬೇಗ, ವಾಹನ ಕಡಿಮೆ ಇರುವ ಹೊತ್ತಿಗೆ, ಕುಂಬಳೆ ದಾಟಿ ಹೊಸ ಹೆದ್ದಾರಿಯಲ್ಲಿ 60ಕ್ಕೆ ಏರಿಸಿ ನ್ಯೂಟ್ರಲ್ ಮಾಡಿದೆ. ಎಂಜಿನ್ ಐಡಲ್‌ಗೆ ಇಳಿಯಿತು, ನಡುಕ ಹಾಗೇ ಉಳಿಯಿತು. ಅಂದರೆ ಎಂಜಿನ್ನೂ ಅಲ್ಲ, ಕ್ಲಚ್ಚೂ ಅಲ್ಲ. ನೀವು ಬದಲಾಯಿಸಿದ ಮೌಂಟಿಂಗ್‌ಗಳಿಗೂ ಇದಕ್ಕೂ ಸಂಬಂಧವೇ ಇಲ್ಲ.

ಈ ಜೀಪಿನಲ್ಲಿ ಟೂ-ವೀಲ್‌ನಲ್ಲಿ, ಅಂದರೆ ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಕೊಟ್ಟು ಹೋಗುವಾಗಲೂ ಮುಂದಿನ ಚಕ್ರಗಳು ಮುಂದಿನ ಶಾಫ್ಟನ್ನು ತಿರುಗಿಸುತ್ತಲೇ ಇರುತ್ತವೆ. ಅದನ್ನು ತಪ್ಪಿಸುವ ಫ್ರೀ ಹಬ್ ನಮ್ಮದರಲ್ಲಿ ಇಲ್ಲ. ಹಾಗಾಗಿ ಮುಂದಿನ ಶಾಫ್ಟ್ ಬಿಚ್ಚಿಟ್ಟು ಓಡಿಸಿದೆ. ಏನೂ ವ್ಯತ್ಯಾಸ ಇಲ್ಲ. ಉಳಿದದ್ದು ಹಿಂದಿನ ಶಾಫ್ಟ್ ಮತ್ತು ಚಕ್ರ. ಅಂಗಳದಲ್ಲಿ ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಹಿಂದಿನ ಹೌಸಿಂಗಿನ ಅಡಿಗೆ ಗಟ್ಟಿ ಸ್ಟ್ಯಾಂಡ್ ಇಟ್ಟು, ಎರಡೂ ಚಕ್ರ ಕಳಚಿ, ಡ್ರಮ್‌ಗಳನ್ನು ನಟ್ ಹಾಕಿ ಬಿಗಿದು ಟಾಪ್ ಗೇರಿನಲ್ಲಿ ಓಡಿಸಿದೆವು. ಚಕ್ರವೇ ಇಲ್ಲ, ನಡುಕ ಇದೆ. ನಿಮ್ಮ ವೀಲ್ ಬ್ಯಾಲೆನ್ಸಿಂಗ್ ಕೂಡ ಸುಮ್ನೆ ಅಂತ ಅಲ್ಲೇ ಗೊತ್ತಾಯಿತು.

ಚಕ್ರ ಒಂದು ಸುತ್ತು ತಿರುಗಿದರೆ ನಮ್ಮ ಶಾಫ್ಟ್ ಹತ್ತಿರ ಹತ್ತಿರ ಐದೂವರೆ ಸುತ್ತು ತಿರುಗುತ್ತದೆ. ಚಾಕ್ ಗುರುತು ಹಾಕಿ ಎಣಿಸಿ ನೋಡಿದ್ದೇನೆ. 60ರ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು ನಲವತ್ತು ಸುತ್ತು. ಅಲ್ಲಿ ಒಂದು ಬದಿ ಸ್ವಲ್ಪ ಭಾರವಾದರೂ ಸಾಕು, ಇಡೀ ಗಾಡಿ ಹೇಳುತ್ತದೆ.

ಆಮೇಲೆ ಶಾಫ್ಟನ್ನೇ ನೋಡಿದೆವು. ಕೈ ಹಾಕುವ ಮೊದಲು ಪ್ರತಿಯೊಂದನ್ನೂ ಫೋಟೋ, ವೀಡಿಯೋ ಮಾಡಿದ್ದೇನೆ. ಶಾಫ್ಟಿನ ಎರಡು ತುಂಡು ಒಂದರೊಳಗೊಂದು ಜಾರುವ ಸ್ಪ್ಲೈನ್ (ಉದ್ದನೆಯ ಹಲ್ಲುಗಳು) ಇರುವ ಜಾಗದಲ್ಲಿ ಹೊರಗಿನ ತೋಳಿಗೊಂದು, ಶಾಫ್ಟಿಗೊಂದು ಬಾಣದ ಗುರುತು ಇರುತ್ತದೆ. ಎರಡೂ ಎದುರುಬದುರು ಬರಬೇಕು. ನಿಮ್ಮ ಪೇಂಟ್ ಅದರ ಮೇಲೆ ಕೂತಿತ್ತು. ಬ್ಲೇಡಿನಿಂದ ಕೆರೆದಾಗ ಬಾಣಗಳು ಒಂದು ಹಲ್ಲಿನಷ್ಟು ಪಕ್ಕಕ್ಕೆ ಹೋಗಿದ್ದವು. ಅನುಮಾನ ಬೇಡ ಅಂತ ಶಾಫ್ಟನ್ನು ಬೆಂಚಿನ ಮೇಲೆ ಇಟ್ಟು ಒಂದು ಕಡೆಯ ಯೋಕಿನ (ಕ್ರಾಸನ್ನು ಹಿಡಿಯುವ ಕವಲಿನ) ಕಿವಿಗಳಿಗೆ ಸ್ಪಿರಿಟ್ ಲೆವೆಲ್ ಹಿಡಿದು ಗುಳ್ಳೆಯನ್ನು ನಡುವಿಗೆ ತಂದೆ. ಇನ್ನೊಂದು ಕಡೆಗೆ ಹಿಡಿದರೆ ಗುಳ್ಳೆ ಪೂರ್ತಿ ಮೂಲೆಗೆ ಓಡಿತು.

ಇದು ಸಣ್ಣ ವಿಷಯ ಅಲ್ಲ. ಓರೆಯಾಗಿ ತಿರುಗುವ ಕ್ರಾಸ್ ಒಂದೇ ಸಮನೆ ತಿರುಗುವುದಿಲ್ಲ, ಒಂದು ಸುತ್ತಿಗೆ ಎರಡು ಸಲ ವೇಗ ಹೆಚ್ಚುಕಡಿಮೆ ಆಗುತ್ತದೆ. ಎರಡು ಕಡೆಯ ಯೋಕುಗಳು ಒಂದೇ ನೇರದಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಸರಿ ಮಾಡುತ್ತದೆ. ಜೀಪಿನ ಹಿಂದಿನ ಶಾಫ್ಟ್ ಗಿಡ್ಡ, ಓರೆ ಜಾಸ್ತಿ. ಹಾಗಾಗಿ ಉದ್ದ ಕಾರಿನಲ್ಲಿ ಗೊತ್ತಾಗದೆ ಹೋಗುವ ತಪ್ಪು ಇಲ್ಲಿ ಎದ್ದು ಕಾಣುತ್ತದೆ. ನಮ್ಮ ಊರಿನ ಮೆಕ್ಯಾನಿಕ್ ತೋಳನ್ನು ಹೊರಗೆಳೆದು ಬಾಣಕ್ಕೆ ಬಾಣ ಹೊಂದಿಸಿ ಹಾಕಿದರು. 40ರ ಮೊರೆತ ಆ ದಿನವೇ ನಿಂತಿತು.

60ರ ನಡುಕ ನಿಲ್ಲಲಿಲ್ಲ. ಅದರ ಕಾರಣ ನಿಮ್ಮವರೇ ಕಳಿಸಿದ ವಾಟ್ಸಾಪ್ ಫೋಟೋಗಳಲ್ಲಿದೆ. ಬ್ಲಾಸ್ಟಿಂಗ್‌ಗೆ ಮೊದಲಿನ ಫೋಟೋದಲ್ಲಿ ಕೊಳವೆಯ ಹಿಂತುದಿಯಲ್ಲಿ ಬೆರಳಗಲದ ಒಂದು ಕಬ್ಬಿಣದ ಪಟ್ಟಿ ಬೆಸೆದಿರುವುದು ಸ್ಪಷ್ಟವಾಗಿ ಕಾಣುತ್ತದೆ. ಅದು ಬ್ಯಾಲೆನ್ಸ್ ತೂಕ. ಪೇಂಟ್ ಆದ ಮೇಲಿನ ಫೋಟೋದಲ್ಲಿ ಅದು ಇಲ್ಲ. ಅದೇ ಜಾಗದಲ್ಲಿ ಪೇಂಟ್ ಕೆರೆದು ನೋಡಿದೆ. ಗ್ರೈಂಡರಿನಿಂದ ನಯ ಮಾಡಿದ ಎರಡು ವೆಲ್ಡಿಂಗ್ ಚುಕ್ಕೆಗಳು, ಕಡಲೆ ಗಾತ್ರದವು, ಬೆಳ್ಳಗೆ ಹೊಳೆಯುತ್ತಿದ್ದವು. ಪೇಂಟ್ ಚಂದ ಕಾಣಲಿ ಎಂದು ಯಾರೋ ತೂಕವನ್ನೇ ಉಜ್ಜಿ ತೆಗೆದಿದ್ದಾರೆ. ಹೊಸ ತೂಕ ಬೇರೆಲ್ಲೂ ಹಾಕಿಲ್ಲ. ಕೊಳವೆಯ ಉದ್ದಕ್ಕೂ ಹುಡುಕಿದ್ದೇನೆ. ಇಂಥ ಶಾಫ್ಟನ್ನು ಮೆಶಿನ್ನಿಗೆ ಹಾಕಿದ್ದರೆ ಮೆಶಿನ್ನೇ ಹೇಳುತ್ತಿತ್ತು.

ಕೊನೆಗೆ ಎರಡು ಹೋಸ್ ಕ್ಲಿಪ್ ತಂದು ಕೊಳವೆಯ ಹಿಂತುದಿಗೆ ಬಿಗಿದೆವು. ಕ್ಲಿಪ್ಪಿನ ಸ್ಕ್ರೂ ತಲೆಯೇ ಇಲ್ಲಿ ತೂಕ. ಅವುಗಳ ಜಾಗವನ್ನು ಕೊಳವೆಯ ಸುತ್ತ ಸ್ವಲ್ಪ ಸ್ವಲ್ಪ ಬದಲಿಸಿ, ಪ್ರತಿ ಸಲ ಓಡಿಸಿ ನೋಡಿದೆವು. ಏಳನೇ ಸಲಕ್ಕೆ, ಎರಡೂ ಸ್ಕ್ರೂಗಳು ಆ ಹಳೆಯ ಚುಕ್ಕೆಗಳ ನೇರಕ್ಕೆ ಬಂದಾಗ, ಕನ್ನಡಿಯಲ್ಲಿ ಲಾರಿ ಮತ್ತೆ ಒಂದೇ ಆಗಿ ಕಂಡಿತು. ನಲವತ್ತು ರೂಪಾಯಿಯ ಎರಡು ಕ್ಲಿಪ್. ಆದರೆ ಅದು ಪತ್ತೆಗೆ ಮಾತ್ರ, ಕಾಯಂ ರಿಪೇರಿ ಅಲ್ಲ. ಹೀಗೇ ಬಿಟ್ಟು ದೂರ ಓಡಿಸಲು ನನಗೆ ಧೈರ್ಯ ಇಲ್ಲ.

ಇನ್ನೊಂದು ವಿಷಯ. ಬಿಚ್ಚಿದ ಹಳೆಯ ಸಾಮಾನೆಲ್ಲ ವಾಪಸ್ ಬೇಕು ಎಂದು ಮೊದಲ ದಿನವೇ ಹೇಳಿದ್ದೆ, ಜಾಬ್ ಕಾರ್ಡ್‌ನಲ್ಲಿ ಬರೆಸಿಯೂ ಇದ್ದೆ. ಸವೆದ ಕ್ರಾಸ್ ಹೋದರೆ ಹೋಗಲಿ. ಹೌಸಿಂಗ್ ಕಡೆ ಕ್ರಾಸನ್ನು ಬಿಗಿಯುವ ಹಳೇ ಯು-ಬೋಲ್ಟ್‌ಗಳು ಒಳ್ಳೆಯ ಸ್ಥಿತಿಯಲ್ಲಿದ್ದವು, ಗಾಡಿಯ ಜೊತೆ ಬಂದವು. ಗುಜರಿಗೆ ಹೋಗಿರಬೇಕು ಎಂದು ನಿಮ್ಮವರು ಹಗುರವಾಗಿ ಹೇಳಿದರು. ಹಳೆಯ ಗಾಡಿ ಇಟ್ಟುಕೊಂಡವರಿಗೆ ಅಂಥ ಒಂದು ತುಂಡಿಗೂ ಎಷ್ಟು ಅಂಗಡಿ ಅಲೆಯಬೇಕಾಗುತ್ತದೆ ಎಂದು ಈ ಕೆಲಸ ಮಾಡುವ ನಿಮಗೆ ನಾನು ಹೇಳಬೇಕಾಗಿಲ್ಲ.

ನಾನು ಕೇಳುವುದು ಇಷ್ಟು. ಹಿಂದಿನ ಶಾಫ್ಟನ್ನು ನನ್ನ ಎದುರಿನಲ್ಲೇ ಬ್ಯಾಲೆನ್ಸಿಂಗ್ ಮೆಶಿನ್ನಿಗೆ ಹಾಕಿ, ಕೊಳವೆ ಬಾಗಿದೆಯೇ ಎಂದು ಡಯಲ್ ಗೇಜಿನಲ್ಲಿ ನೋಡಿ, ತೂಕ ಬೆಸೆದು, ಅಳತೆಯ ರಿಪೋರ್ಟ್ ಬರವಣಿಗೆಯಲ್ಲಿ ಕೊಡಬೇಕು. ಮುಂದಿನ ಶಾಫ್ಟನ್ನೂ ಹಾಗೇ ನೋಡಬೇಕು. ಇದಕ್ಕೆ ನಾನು ಮತ್ತೆ ದುಡ್ಡು ಕೊಡುವುದಿಲ್ಲ. ಮಾಡದ ಬ್ಯಾಲೆನ್ಸಿಂಗಿನ 2,200, ಅಗತ್ಯವೇ ಇಲ್ಲದ ಎರಡನೇ ಬಿಲ್ಲಿನ 6,850, ಒಟ್ಟು 9,050 ರೂಪಾಯಿ ವಾಪಸ್ ಕೊಡಬೇಕು. ಯು-ಬೋಲ್ಟ್‌ಗಳನ್ನು ಹುಡುಕಿಸಿ ಕೊಡಿ. ಇಲ್ಲವಾದರೆ ಅದೇ ಮಾದರಿಯದನ್ನು ತರಿಸಿ ಕೊಡಿ.

ಹದಿನೈದು ದಿನ ಕಾಯುತ್ತೇನೆ. ಮಾರ್ಚ್‌ನಲ್ಲಿ ಆರ್‌ಸಿ ನವೀಕರಣಕ್ಕೆ ಗಾಡಿಯನ್ನು ಕಾಸರಗೋಡು ಆರ್‌ಟಿಒಗೆ ತೋರಿಸಬೇಕು, ಅದಕ್ಕಿಂತ ಜಾಸ್ತಿ ತಡ ಮಾಡಲು ಆಗುವುದಿಲ್ಲ. ಉತ್ತರ ಬಾರದಿದ್ದರೆ ಕಾಸರಗೋಡಿನ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ನಿಮ್ಮ ವರ್ಕ್‌ಶಾಪ್ ಕರ್ನಾಟಕದಲ್ಲಿದೆ ಎಂಬುದು ಅದಕ್ಕೆ ಅಡ್ಡಿ ಅಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾಗೆ ಮಾಡಬೇಕೆಂಬ ಆಸೆ ನನಗಿಲ್ಲ. ನಿಮ್ಮಲ್ಲಿ ಒಳ್ಳೆಯ ಮೆಶಿನ್‌ಗಳಿವೆ, ಕಣ್ಣಾರೆ ನೋಡಿದ್ದೇನೆ. ಅದರಲ್ಲಿ ಈ ಶಾಫ್ಟನ್ನು ಹಾಕಿಸಿ ಸರಿ ಮಾಡಿಕೊಟ್ಟರೆ ನನಗೆ ಸಾಕು.

ಎರಡು ಬಿಲ್ಲು, ಜಾಬ್ ಕಾರ್ಡ್, ಫೋಟೋಗಳ ಪ್ರತಿ ಈ ಪತ್ರದ ಜೊತೆಗಿದೆ. ತೋಟದಲ್ಲಿ ಅಡಿಕೆ ಕೊಯ್ಲು ಶುರುವಾಗಿದೆ, ಹಗಲು ಫೋನ್ ಎತ್ತಲು ಆಗದಿರಬಹುದು. ಸಂಜೆ ಆರರ ನಂತರ ಮಾಡಿ. ಜೀಪು ತರುವ ದಿನ ಅಪ್ಪನೂ ಜೊತೆಗೆ ಬರುತ್ತಾರಂತೆ. ಅವರಿಗೆ ಕೂರಲು ಒಂದು ಕುರ್ಚಿ ಹಾಕಿಸಿಕೊಡಿ.

ಇತಿ,
ಜೀಪಿನ ಮಾಲಕ