ಗೆಳೆಯನಿಗೊಂದು ಪತ್ರ: ನಾವು ಮತ ಹಾಕಿದೆವು, ಅವರು ಕಣ ಬಿಟ್ಟರು

ಸನ್ನಿವೇಲ್, ಕ್ಯಾಲಿಫೋರ್ನಿಯಾ
ಮಾರ್ಚ್ 8, 2020

ಪ್ರೀತಿಯ ಮಂಜ,

ನಿನ್ನ ಮೆಸೇಜ್ ಓದಿದೆ. "ನಿಮಗೇನು ಮಾರಾಯ, ಅಭ್ಯರ್ಥಿ ಯಾರು ಅನ್ನೋದನ್ನೂ ನೀವೇ ಆರಿಸ್ತೀರಿ. ನಮಗೆ ಹೈಕಮಾಂಡ್ ಬಿ ಫಾರಂ ಕೊಟ್ಟವನೇ ಗತಿ" ಅಂತ ಬರೆದಿದ್ದೀಯ. ಎರಡು ಸಾಲಿನಲ್ಲಿ ಉತ್ತರ ಕೊಡೋಣ ಅಂತ ಫೋನ್ ಹಿಡಿದೆ, ಆಗಲಿಲ್ಲ. ಈ ವಾರ ನನಗೂ ಸುಮಾಗೂ ಮನಸ್ಸು ಕೆಟ್ಟಿದೆ. ಅದನ್ನು ಪೂರ್ತಿ ಹೇಳದೆ ನಿನ್ನ ಮಾತಿಗೆ ಉತ್ತರ ಬರೆಯಲು ಬರುವುದಿಲ್ಲ.

ಮನೆಯಲ್ಲಿ ಇಬ್ಬರು ಮತದಾರರು. ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸಲು ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ದಿನ ನಡೆಯುವ ಮತದಾನದಲ್ಲಿ, ಇಬ್ಬರೂ ಮತ ಹಾಕಿದೆವು. ಇಬ್ಬರ ಅಭ್ಯರ್ಥಿಗಳೂ ಈಗ ಕಣದಲ್ಲಿಲ್ಲ. ನಾನು ಆರಿಸಿದವರು ಮತದಾನದ ದಿನಕ್ಕೆ ಮೊದಲೇ ಹೋದರು, ಸುಮಾ ಆರಿಸಿದವರು ಮರುದಿನಗಳಲ್ಲಿ ಹೋದರು. ಹೆಸರು ಹೇಳುವುದಿಲ್ಲ, ಮತ ಗುಟ್ಟಾಗಿಯೇ ಇರಲಿ.

ಇದು ಹೇಗಾಯಿತು ಅಂದರೆ, ಇಲ್ಲಿ ಬ್ಯಾಲೆಟ್ ಅಂಚೆಯಲ್ಲಿ ಮನೆಗೇ ಬರುತ್ತದೆ. ಈ ಸಲ ಮತದಾನದ ದಿನ ಮಾರ್ಚ್ 3. ಬ್ಯಾಲೆಟ್ ಕಳಿಸಲು ಶುರು ಮಾಡಿದ್ದು ಫೆಬ್ರವರಿ 3ಕ್ಕೆ. ಪೂರ್ತಿ ಒಂದು ತಿಂಗಳು. ಆ ತಿಂಗಳೆಲ್ಲ ಎಲ್ಲ ಅಭ್ಯರ್ಥಿಗಳ ಕಡೆಯಿಂದಲೂ ಫೋನು, ಮೆಸೇಜು, ಬಾಗಿಲಿಗೆ ಬರುವ ಹುಡುಗರು. ಎಲ್ಲರದ್ದೂ ಒಂದೇ ಮಾತು: ಬ್ಯಾಲೆಟ್ ಬಂದಿದೆಯಾ, ತುಂಬಿಸಿ ಈಗಲೇ ಕಳಿಸಿ, ಕೊನೆಯ ದಿನದವರೆಗೆ ಕಾಯಬೇಡಿ. ನಾನು ಎಲ್ಲರ ನಿಲುವು ಓದಿ, ಡಿಬೇಟ್ ನೋಡಿ, ಯೋಚಿಸಿ ತುಂಬಿಸಿ ಕಳಿಸಿದೆ.

ಫೆಬ್ರವರಿ 29, ಶನಿವಾರ ಸೌತ್ ಕ್ಯಾರೊಲೈನಾದಲ್ಲಿ ಜೋ ಬೈಡನ್ ದೊಡ್ಡ ಅಂತರದಲ್ಲಿ ಗೆದ್ದರು. ಅದೇ ರಾತ್ರಿ ಟಾಮ್ ಸ್ಟೇಯರ್ ಹಿಂದೆ ಸರಿದರು. ಭಾನುವಾರ ಪೀಟ್ ಬೂಟಿಜೆಜ್ ಸರಿದರು. ಸೋಮವಾರ ಏಮಿ ಕ್ಲೋಬುಚಾರ್ ಸರಿದರು. ಅದೇ ಸೋಮವಾರ ಸಂಜೆ ಬೂಟಿಜೆಜ್, ಕ್ಲೋಬುಚಾರ್ ಇಬ್ಬರೂ ಡಲ್ಲಾಸ್‌ಗೆ ಹೋಗಿ ಬೈಡನ್‌ಗೆ ಬೆಂಬಲ ಕೊಟ್ಟರು. ಮಾರನೆಯ ದಿನವೇ ಹದಿನಾಲ್ಕು ರಾಜ್ಯಗಳಲ್ಲಿ ಮತದಾನ. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಲಕ್ಷಾಂತರ ಬ್ಯಾಲೆಟ್‌ಗಳು ಅಂಚೆ ಡಬ್ಬಿ ಸೇರಿಯಾಗಿತ್ತು. ಬ್ಯಾಲೆಟ್ ಇನ್ನೂ ಮನೆಯಲ್ಲೇ ಇದ್ದವರು ಬೇರೆಯವರಿಗೆ ಗುರುತು ಹಾಕಬಹುದಿತ್ತು. ಕಳಿಸಿದವರಿಗೆ ಆ ದಾರಿ ಇಲ್ಲ. ಒಮ್ಮೆ ಕಳಿಸಿದರೆ ಮುಗಿಯಿತು, ಬದಲಾಯಿಸಲು ಬರುವುದಿಲ್ಲ.

ಎಲೆ ಹಾಕಿ, ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತ ಕೂರಿಸಿ, ಬಡಿಸುವವರೇ ಎದ್ದು ಹೋದರೆ ಹೇಗಾಗುತ್ತದೆ ಹೇಳು. ನನಗೆ ಹಾಗೇ ಆಯಿತು.

ಬೈಡನ್ ಬಗ್ಗೆ ನನಗೆ ಸಿಟ್ಟಿಲ್ಲ. ಅವರು ಗೆದ್ದಿದ್ದು ಜನರ ಮತದಿಂದಲೇ. ಹದಿನಾಲ್ಕರಲ್ಲಿ ಹತ್ತು ರಾಜ್ಯ ಅವರದಾಯಿತು, ನಮ್ಮ ರಾಜ್ಯದಲ್ಲಿ ಬರ್ನಿ ಸ್ಯಾಂಡರ್ಸ್ ಮುಂದೆ ಬಂದರು. ಹಿಂದೆ ಸರಿಯುವುದೂ ತಪ್ಪಲ್ಲ. ದುಡ್ಡು ಖಾಲಿಯಾಗುತ್ತದೆ, ಗೆಲ್ಲುವ ದಾರಿ ಮುಚ್ಚುತ್ತದೆ, ಟ್ರಂಪ್‌ರನ್ನು ಸೋಲಿಸಲು ಒಬ್ಬರ ಹಿಂದೆ ನಿಲ್ಲಬೇಕು ಅನ್ನುತ್ತಾರೆ. ಎಲ್ಲಾ ಒಪ್ಪುತ್ತೇನೆ. ಆದರೆ ತಿಂಗಳಿಡೀ "ಈಗಲೇ ಕಳಿಸಿ" ಅಂದವರು, ಕಳಿಸಿದ ಮತ ಎಣಿಸುವವರೆಗಾದರೂ ನಿಲ್ಲಬೇಕಿತ್ತು. ಇನ್ನೆರಡು ದಿನ ಅಷ್ಟೇ. ನಮ್ಮ ಕರ್ನಾಟಕದಲ್ಲಿ ನಾಮಪತ್ರ ವಾಪಸ್ ತೆಗೆದುಕೊಳ್ಳಲು ಕೊನೆಯ ದಿನ ಅಂತ ಒಂದಿರುತ್ತದೆ ಅಲ್ವಾ? ಅದು ಮುಗಿದ ಮೇಲೆ ತಾನೇ ಅಂತಿಮ ಪಟ್ಟಿ, ಆಮೇಲೆ ತಾನೇ ಮತಯಂತ್ರದಲ್ಲಿ ಹೆಸರು. ಇಲ್ಲಿ ಆ ಕಟ್ಟುಪಾಡೇ ಇಲ್ಲ. ಹೆಸರು ಅಚ್ಚಾಗಿರುತ್ತದೆ, ಜನ ಗುರುತು ಹಾಕುತ್ತಿರುತ್ತಾರೆ, ಅಭ್ಯರ್ಥಿ ಯಾವತ್ತು ಬೇಕಾದರೂ ಎದ್ದು ಹೋಗಬಹುದು.

ಕ್ಯಾಲಿಫೋರ್ನಿಯಾ ಪ್ರೈಮರಿ ಮಾರ್ಚ್‌ಗೆ ಬಂದಿದ್ದೇ ನಮ್ಮ ಮಾತಿಗೆ ಬೆಲೆ ಸಿಗಲಿ ಅಂತ. 2016ರಲ್ಲಿ ಅದು ಜೂನ್ 7ಕ್ಕೆ ಇತ್ತು. ಹಿಂದಿನ ರಾತ್ರಿಯೇ, ಅಂದರೆ ಜೂನ್ 6ಕ್ಕೆ, ಹಿಲರಿ ಕ್ಲಿಂಟನ್‌ಗೆ ಪಕ್ಷದ ಅಭ್ಯರ್ಥಿಯನ್ನು ಕೊನೆಗೆ ಆರಿಸುವ ಪ್ರತಿನಿಧಿಗಳು, ಅಂದರೆ ಡೆಲಿಗೇಟ್‌ಗಳು, ಬೇಕಾದಷ್ಟು ಸಿಕ್ಕಿದ್ದಾರೆ ಅಂತ ಅಸೋಸಿಯೇಟೆಡ್ ಪ್ರೆಸ್ ಸುದ್ದಿ ಕೊಟ್ಟಿತು. ಬೆಳಿಗ್ಗೆ ಎದ್ದು ಮತಗಟ್ಟೆಗೆ ಹೋದವರಿಗೆ ಏನನ್ನಿಸಿರಬೇಡ! ಆ ನೋವಿಗೆ ಮದ್ದು ಅಂತಲೇ 2017ರಲ್ಲಿ ಕಾನೂನು ಮಾಡಿ ದಿನಾಂಕವನ್ನು ಮಾರ್ಚ್‌ಗೆ ತಂದರು. ತಂದರೂ ನನ್ನ ಬ್ಯಾಲೆಟ್‌ನ ಗತಿ ಹೀಗಾಯಿತು.

ಮೊದಲು ನಿರ್ಧರಿಸುವವರು ಯಾವಾಗಲೂ ಐಯೊವಾ ಮತ್ತು ನ್ಯೂ ಹ್ಯಾಂಪ್‌ಶೈರ್‌ನವರು. ಎರಡೂ ಚಿಕ್ಕ ರಾಜ್ಯಗಳು, ಎರಡರಲ್ಲೂ ಹೆಚ್ಚಿನವರು ಬಿಳಿಯರು. ಐಯೊವಾಕ್ಕೆ 41 ಡೆಲಿಗೇಟ್‌ಗಳು, ನಮಗೆ 415. ಆದರೂ ಅಭ್ಯರ್ಥಿಗಳು ವರ್ಷಗಟ್ಟಲೆ ಐಯೊವಾದ ಹಳ್ಳಿ ಹಳ್ಳಿ ಸುತ್ತುತ್ತಾರೆ. ನಮ್ಮ ಕಡೆ ಬಂದರೆ ಹೆಚ್ಚಾಗಿ ದುಡ್ಡು ಎತ್ತುವ ಔತಣಕ್ಕೆ. ಈ ಸಲ ಐಯೊವಾದಲ್ಲಿ ಪ್ರೈಮರಿ ಬದಲು ನಡೆಯುವ ಕಾಕಸ್ ಸಭೆಗಳ ಫಲಿತಾಂಶ ಕಳಿಸಲು ಮಾಡಿದ್ದ ಆಪ್ ಕೈಕೊಟ್ಟು, ಆ ರಾತ್ರಿ ಯಾರು ಗೆದ್ದರು ಅಂತ ಹೇಳಲೂ ಆಗಲಿಲ್ಲ.

ಆದರೆ ಆ ಕಾಕಸ್‌ನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ, ಅದನ್ನು ನಿನಗೆ ಹೇಳಲೇಬೇಕು. ಊರಿನವರು ಶಾಲೆಯಲ್ಲೋ ಚರ್ಚಿನಲ್ಲೋ ಸೇರುತ್ತಾರೆ. ತಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ನಿಲ್ಲುತ್ತಾರೆ. ಸಾಮಾನ್ಯವಾಗಿ ನೂರಕ್ಕೆ ಹದಿನೈದು ಜನರಾದರೂ ಇಲ್ಲದಿದ್ದರೆ ಆ ಮೂಲೆ ಲೆಕ್ಕಕ್ಕಿಲ್ಲ. ಆಗ ಅಲ್ಲಿದ್ದವರು ಮನೆಗೆ ಹೋಗಬೇಕಿಲ್ಲ, ತಮ್ಮ ಎರಡನೇ ಆಯ್ಕೆಯ ಮೂಲೆಗೆ ಹೋಗಿ ನಿಲ್ಲಬಹುದು. ಅಂದರೆ 41 ಡೆಲಿಗೇಟ್‌ನ ರಾಜ್ಯದವರಿಗೆ ಎರಡನೇ ಅವಕಾಶ ಇದೆ. 415 ಡೆಲಿಗೇಟ್‌ನ ರಾಜ್ಯದವರಿಗೆ ಇಲ್ಲ. ನನ್ನ ಕೋಪ ಪೂರ್ತಿ ಇಲ್ಲೇ ಇದೆ ಕಣೋ.

ಸುಮಾಳ ಕತೆ ಬೇರೆ. ಅವಳು ಯಾವ ಪಕ್ಷಕ್ಕೂ ಹೆಸರು ಬರೆಸಿಕೊಂಡಿಲ್ಲ. ಅಂಥವರಿಗೆ ಬರುವ ಬ್ಯಾಲೆಟ್‌ನಲ್ಲಿ ಅಧ್ಯಕ್ಷ ಸ್ಥಾನದ ಹೆಸರುಗಳೇ ಇರುವುದಿಲ್ಲ. ಡೆಮಾಕ್ರಟಿಕ್ ಬ್ಯಾಲೆಟ್ ಬೇಕು ಅಂತ ತಾವಾಗಿ ಕೇಳಬೇಕು. ರಿಪಬ್ಲಿಕನ್ ಪಕ್ಷದ್ದಂತೂ ಕೇಳಿದರೂ ಸಿಗುವುದಿಲ್ಲ, ಆ ಪಕ್ಷದಲ್ಲಿ ಹೆಸರು ಬರೆಸಿದವರಿಗೆ ಮಾತ್ರ. ಹಾಗಾಗಿ ಅವಳು ಮಂಗಳವಾರ ಕೆಲಸ ಮುಗಿಸಿ ಮತಗಟ್ಟೆಗೇ ಹೋದಳು. ಸಾಲು ಬಾಗಿಲು ದಾಟಿ ಹೊರಗಿನವರೆಗೆ ಇತ್ತು. ಸಾಲಿನಲ್ಲಿ ನಿಂತವರೆಲ್ಲ ಇದನ್ನೇ ಮಾತಾಡುತ್ತಿದ್ದರಂತೆ: ನಾವು ಒಳಗೆ ಹೋಗುವಷ್ಟರಲ್ಲಿ ಇನ್ಯಾರು ಹೋಗಿರುತ್ತಾರೋ. ಅವಳು ರಾತ್ರಿ ಸುಸ್ತಾಗಿ ಬಂದಳು, ಆದರೆ ಮುಖದಲ್ಲಿ ಸಮಾಧಾನ ಇತ್ತು. ಬುಧವಾರ ಮೈಕಲ್ ಬ್ಲೂಮ್‌ಬರ್ಗ್ ಸರಿದರು, ಗುರುವಾರ ಎಲಿಜಬೆತ್ ವಾರನ್ ಸರಿದರು. ಅವರಲ್ಲೊಬ್ಬರು ಅವಳ ಆಯ್ಕೆ. ಅವಳಿಗೆ ನನ್ನಷ್ಟು ಸಿಟ್ಟಿಲ್ಲ. "ಅವರು ನನ್ನ ಮತ ಎಣಿಸುವವರೆಗೆ ನಿಂತರು, ಸೋತರು, ಹೋದರು. ಅದು ಸರಿ" ಅಂದಳು.

ದುಡ್ಡಿನ ವಿಷಯ ಕೇಳು. ಹೋದ ವರ್ಷ ಕಣದಲ್ಲಿ 20ಕ್ಕೂ ಹೆಚ್ಚು ಜನ ಇದ್ದರು. ಮೊದಲ ಡಿಬೇಟ್ ಮಯಾಮಿಯಲ್ಲಿ ಎರಡು ರಾತ್ರಿ ನಡೆಯಿತು. ವೇದಿಕೆ ಹತ್ತಲು 65,000 ಜನರಿಂದ ದೇಣಿಗೆ ಬಂದಿರಬೇಕು, ಇಲ್ಲವೇ ಮೂರು ಸಮೀಕ್ಷೆಗಳಲ್ಲಿ ನೂರಕ್ಕೆ ಒಬ್ಬರ ಬೆಂಬಲ ಇರಬೇಕು ಅಂತ ಪಕ್ಷ ನಿಯಮ ಮಾಡಿತು. ಆಮೇಲಾಮೇಲೆ ದೇಣಿಗೆ ಮತ್ತು ಸಮೀಕ್ಷೆ ಎರಡೂ ಬೇಕಾದವು, ದಾನಿಗಳ ಸಂಖ್ಯೆಯೂ ಏರುತ್ತಾ ಹೋಯಿತು. ಅದಕ್ಕೇ ಒಂದೇ ಒಂದು ಡಾಲರ್ ಕೊಡಿ ಅಂತ ದಿನವೂ ಈಮೇಲ್. ಮೊತ್ತ ಅವರಿಗೆ ಮುಖ್ಯವಲ್ಲ, ತಲೆ ಎಣಿಕೆ ಮುಖ್ಯ. ಒಬ್ಬ ಶಾಲಾ ಟೀಚರ್ ತನ್ನ ಡಾಲರ್ ಕೊಟ್ಟು ಒಬ್ಬರನ್ನು ವೇದಿಕೆಗೆ ಹತ್ತಿಸಬಹುದು ಅಂತ ನನಗೆ ಆಗ ಖುಷಿಯೇ ಆಗಿತ್ತು.

ಆದರೆ ಕಮಲಾ ಹ್ಯಾರಿಸ್ ಡಿಸೆಂಬರ್‌ನಲ್ಲಿ ದುಡ್ಡಿಲ್ಲ ಅಂತ ಹಿಂದೆ ಸರಿದರು. ಜನವರಿಯಲ್ಲಿ ಹುಲಿಯನ್ ಕಾಸ್ಟ್ರೋ, ಕೋರಿ ಬೂಕರ್ ಹೋದರು. ಜನವರಿ 14ರ ಡಿಬೇಟ್‌ನಲ್ಲಿ ಆರು ಜನ ನಿಂತಿದ್ದರು, ಆರೂ ಜನ ಬಿಳಿಯರು. ಫೆಬ್ರವರಿ 19ರ ಡಿಬೇಟ್ ಬರುವಷ್ಟರಲ್ಲಿ ದಾನಿಗಳ ನಿಯಮವನ್ನೇ ತೆಗೆದುಹಾಕಿದರು. ಬ್ಲೂಮ್‌ಬರ್ಗ್ ಯಾರಿಂದಲೂ ದೇಣಿಗೆ ಪಡೆಯದೆ ಸ್ವಂತ ದುಡ್ಡಿನಿಂದಲೇ ಆ ವೇದಿಕೆ ಹತ್ತಿದರು. ಜಾಹೀರಾತಿಗೇ 50 ಕೋಟಿ ಡಾಲರ್‌ಗಿಂತ ಜಾಸ್ತಿ ಸುರಿದರು. ಟಿವಿ ಹಾಕಿದರೆ ಅವರೇ, ಯೂಟ್ಯೂಬ್ ಹಾಕಿದರೆ ಅವರೇ. ಕೊನೆಗೆ ಅವರು ಗೆದ್ದಿದ್ದು ಅಮೆರಿಕನ್ ಸಮೋವಾ ಅನ್ನುವ ದ್ವೀಪ ಪ್ರದೇಶ ಒಂದನ್ನೇ. ಜನ ದುಡ್ಡಿಗೆ ಬೀಳಲಿಲ್ಲ ಅನ್ನೋದು ಸಮಾಧಾನ. ಆದರೆ ಡಾಲರ್ ಡಾಲರ್ ಕೂಡಿಸಿ ಬಂದವರಿಗೆ ಆದ ಅನ್ಯಾಯ ಅನ್ಯಾಯವೇ.

ಅವರು ಮಾತಾಡಿದ ವಿಷಯಗಳ ಬಗ್ಗೆಯೂ ನನಗೆ ಬೇಸರ ಇದೆ. ಇಲ್ಲಿಯವರೆಗೆ ಹತ್ತು ಡಿಬೇಟ್ ಆಗಿವೆ. ಹೆಲ್ತ್ ಇನ್ಶೂರೆನ್ಸ್ ಬಗ್ಗೆ ಗಂಟೆಗಟ್ಟಲೆ ಜಗಳವಾಡಿದರು. ಆಡಲಿ, ದೊಡ್ಡ ವಿಷಯವೇ. ಆದರೆ ಎಷ್ಟು ಖರ್ಚು ಅಂತ ಕೇಳಿದರೆ ನೇರ ಉತ್ತರ ಕಷ್ಟ. ವಾರನ್ ಒಂದು ಲೆಕ್ಕ ಕೊಟ್ಟರು, ಹತ್ತು ವರ್ಷಕ್ಕೆ 20.5 ಲಕ್ಷ ಕೋಟಿ ಡಾಲರ್ ಹೊಸ ಖರ್ಚು ಅಂತ. ಲೆಕ್ಕ ಕೊಟ್ಟಿದ್ದಕ್ಕೇ ಎಲ್ಲರೂ ಅವರ ಮೇಲೆ ಬಿದ್ದರು. ಸ್ಯಾಂಡರ್ಸ್ ತಮ್ಮ ಎಲ್ಲ ಯೋಜನೆಗಳ ಒಟ್ಟು ಖರ್ಚನ್ನು ಟಿವಿಯಲ್ಲಿ ಕೇಳಿದಾಗಲೂ ಪೂರ್ತಿ ಹೇಳಲಿಲ್ಲ.

ಇನ್ನು ಗ್ರೀನ್ ಕಾರ್ಡ್, ಅಂದರೆ ಇಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ. ಇಲ್ಲಿ ನಮ್ಮ ಕನ್ನಡ ಸ್ನೇಹಿತರ ಮನೆಗಳಲ್ಲಿ ಎಷ್ಟು ಜನ ಆ ಸಾಲಿನಲ್ಲಿದ್ದಾರೆ ಗೊತ್ತಾ? ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಒಂದು ದೇಶದವರಿಗೆ ಶೇಕಡಾ 7ರ ಮಿತಿ. ಭಾರತಕ್ಕೂ ಅಷ್ಟೇ, ಚಿಕ್ಕ ದ್ವೀಪ ದೇಶಕ್ಕೂ ಅಷ್ಟೇ. ಮಕ್ಕಳಿಗೆ 21 ತುಂಬಿದರೆ ಅಪ್ಪ ಅಮ್ಮನ ಸಾಲಿನಿಂದ ಅವರು ಹೊರಗೆ. ಹೋದ ಜುಲೈನಲ್ಲಿ ಕೆಳಮನೆ ಈ ಮಿತಿ ತೆಗೆಯುವ ಮಸೂದೆಯನ್ನು 365–65 ಮತಗಳಿಂದ ಒಪ್ಪಿತು. ಎರಡೂ ಪಕ್ಷದವರು ಸೇರಿ! ಸೆನೆಟ್‌ನಲ್ಲಿ ಅದು ಸಿಕ್ಕಿಕೊಂಡಿದೆ. ಕಣದಲ್ಲಿದ್ದವರಲ್ಲಿ ಹಾಲಿ ಸೆನೆಟರ್‌ಗಳೇ ಎಷ್ಟೋ ಜನ. ಹತ್ತು ಡಿಬೇಟ್‌ನಲ್ಲಿ ಒಬ್ಬರ ಬಾಯಿಂದಲೂ ಈ ಮಾತು ನನ್ನ ಕಿವಿಗೆ ಬೀಳಲಿಲ್ಲ. ಆ ಸಾಲಿನಲ್ಲಿರುವವರಿಗೆ ಮತ ಇಲ್ಲ. ಮತ ಇರುವ ನಮ್ಮಂಥವರು ಅವರ ಪರವಾಗಿ ಕೇಳಬೇಕು. ಅದಕ್ಕೇ ನನ್ನ ಮತಕ್ಕೆ ನಾನು ಇಷ್ಟು ಬೆಲೆ ಕೊಡುವುದು.

ಇನ್ನೊಂದು ಪಕ್ಷದಲ್ಲಿ ಇನ್ನೂ ಕಷ್ಟ. ಸೌತ್ ಕ್ಯಾರೊಲೈನಾ, ನೆವಾಡಾ, ಕ್ಯಾನ್ಸಸ್, ಅರಿಜೋನಾಗಳಲ್ಲಿ ರಿಪಬ್ಲಿಕನ್ ಪಕ್ಷದವರು ಈ ಸಲ ಪ್ರೈಮರಿ, ಕಾಕಸ್ ನಡೆಸುವುದನ್ನೇ ಕೈಬಿಟ್ಟರು. ಟ್ರಂಪ್ ಎದುರು ಬಿಲ್ ವೆಲ್ಡ್ ನಿಂತಿದ್ದರೂ ಅಲ್ಲಿಯವರಿಗೆ ಆರಿಸುವ ಅವಕಾಶವೇ ಇಲ್ಲ. ಅಲ್ಲಿಗೂ ಬಿ ಫಾರಂಗೂ ಏನು ವ್ಯತ್ಯಾಸ?

ಈಗ ನಿನ್ನ ಮಾತಿಗೆ ಬರುತ್ತೇನೆ. ಕರ್ನಾಟಕದಲ್ಲೂ ಪ್ರೈಮರಿ ಬೇಕಾ? ಬೇಕು ಮಂಜ. ಇಷ್ಟೆಲ್ಲ ಬೈದ ಮೇಲೂ ಬೇಕು ಅನ್ನುತ್ತೇನೆ. ನೆನಪಿದೆಯಾ, 2014ರ ಲೋಕಸಭಾ ಚುನಾವಣೆಗೆ ಮೊದಲು ರಾಹುಲ್ ಗಾಂಧಿ ಕೆಲವು ಕ್ಷೇತ್ರಗಳಲ್ಲಿ ಇದನ್ನು ಪ್ರಯತ್ನಿಸಿದ್ದರು. ನಮ್ಮಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ. ಮಂಗಳೂರಿನಲ್ಲಿ ಜನಾರ್ದನ ಪೂಜಾರಿ, ಬೆಂಗಳೂರಿನಲ್ಲಿ ಸಿ. ನಾರಾಯಣಸ್ವಾಮಿ ಗೆದ್ದು ಟಿಕೆಟ್ ಪಡೆದರು. ಚುನಾವಣೆಯಲ್ಲಿ ಇಬ್ಬರೂ ಸೋತರು, ಪ್ರಯೋಗ ಅಲ್ಲಿಗೇ ನಿಂತಿತು. ಮತ ಹಾಕಿದ್ದು ಪಕ್ಷದ ಪದಾಧಿಕಾರಿಗಳು, ಕಾರ್ಯಕರ್ತರು. ನಿನ್ನಂಥ ಸಾಮಾನ್ಯ ಮತದಾರನನ್ನು ಯಾರೂ ಕರೆಯಲಿಲ್ಲ. ಸೋತರು ಅಂತ ಬಿಟ್ಟಿದ್ದು ತಪ್ಪು. ಹೈಕಮಾಂಡ್ ಆರಿಸಿದವರು ಸೋಲುವುದಿಲ್ಲವಾ?

ಆದರೆ ಮಾಡುವುದಾದರೆ ಎರಡನೇ ಆಯ್ಕೆ ಬರೆಯಲು ಜಾಗ ಇಟ್ಟು ಮಾಡಬೇಕು. ಬ್ಯಾಲೆಟ್‌ನಲ್ಲಿ ಒಂದು, ಎರಡು, ಮೂರು ಅಂತ ಬರೆಯುವುದು. ನನ್ನ ಮೊದಲನೆಯವರು ಕಣದಲ್ಲಿಲ್ಲ ಅಂದರೆ ಮತ ಎರಡನೆಯವರಿಗೆ ಹೋಗುತ್ತದೆ. ನೆವಾಡಾದಲ್ಲಿ ಈ ಸಲ ಮುಂಚಿತವಾಗಿ ಮತ ಹಾಕಿದವರು ಹೀಗೇ ಬರೆದರು. ಅಲಾಸ್ಕಾ, ಹವಾಯಿ, ಕ್ಯಾನ್ಸಸ್, ವಯೋಮಿಂಗ್‌ಗಳಲ್ಲಿ ಮುಂದೆ ಡೆಮಾಕ್ರಟಿಕ್ ಪಕ್ಷ ಹೀಗೇ ನಡೆಸಲಿದೆ. ನಮ್ಮ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋ, ಓಕ್‌ಲೆಂಡ್‌ನವರು ಮೇಯರ್‌ರನ್ನು ಆರಿಸುವುದೂ ಹೀಗೆಯೇ. ಇನ್ನಷ್ಟು ಊರುಗಳು ಇದನ್ನು ಬಳಸಲಿ ಅಂತ ಇಲ್ಲಿನ ಶಾಸನಸಭೆ ಮಸೂದೆ ಪಾಸು ಮಾಡಿದರೆ, ಗವರ್ನರ್ ಗ್ಯಾವಿನ್ ನ್ಯೂಸಮ್ ಹೋದ ಅಕ್ಟೋಬರ್‌ನಲ್ಲಿ ಸಹಿ ಹಾಕದೆ ವಾಪಸ್ ಕಳಿಸಿದರು. ಜನರಿಗೆ ಗೊಂದಲ ಆಗುತ್ತದಂತೆ. ಕಳಿಸಿದ ಮತ ಹೀಗೆ ಹೋದರೆ ಆಗುವ ಗೊಂದಲಕ್ಕಿಂತ ಜಾಸ್ತಿಯಾ ಅದು?

ಅವರಿಗೂ ನಮ್ಮ ಕ್ಷೇತ್ರದ ಶಾಸಕರಿಗೂ ನಿನ್ನೆ ಕಾಗದ ಬರೆದು ಹಾಕಿದ್ದೇನೆ. ಪ್ರೈಮರಿಗೂ ಇದೇ ಪದ್ಧತಿ ತನ್ನಿ ಅಂತ. ಸುಮಾ ಬೇರೆಯಾಗಿ ಒಂದು ಬರೆದಿದ್ದಾಳೆ.

ವಾಷಿಂಗ್ಟನ್ ರಾಜ್ಯದಲ್ಲಿ ನಾಡಿದ್ದು, 10ನೇ ತಾರೀಖು ಮತದಾನ. ಸಿಯಾಟಲ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗನ ಬ್ಯಾಲೆಟ್‌ನಲ್ಲಿ ಬಿಟ್ಟುಹೋದವರ ಹೆಸರೆಲ್ಲ ಹಾಗೇ ಇದೆ. ಯಾವ ಪಕ್ಷದವನು ಅಂತ ಲಕೋಟೆಯ ಮೇಲೆ ಗುರುತು ಹಾಕಬೇಕಂತೆ, ಅದಕ್ಕೂ ಅವನಿಗೆ ಬೇಜಾರು. ಈ ಸಲ ಮತ ಹಾಕೋದೇ ಬೇಡ ಅಂತಿದ್ದ. ಸೋಮವಾರದವರೆಗೆ ಕಾದು, ಯಾರು ಉಳಿದಿದ್ದಾರೆ ನೋಡಿ, ಮಂಗಳವಾರ ಡಬ್ಬಿಗೆ ಹಾಕು, ಖಾಲಿ ಮಾತ್ರ ಬಿಡಬೇಡ ಅಂತ ಹೇಳಿದ್ದೇನೆ.

ಇಲ್ಲಿ ಕೊರೋನಾ ಭಯ ಶುರುವಾಗಿದೆ, ಅಂಗಡಿಗಳಲ್ಲಿ ಸ್ಯಾನಿಟೈಸರ್ ಸಿಗುತ್ತಿಲ್ಲ. ಅಲ್ಲಿ ಹೇಗಿದೆ ಬರಿ. ಅತ್ತಿಗೆಗೆ, ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ರವಿ