ಶಾಲು ಸಾಕು, ಕೆಲಸ ಕೊಡಿ

ಸಂಪಾದಕರಿಗೆ,

ಪ್ರತಿ ವರ್ಷ ಡಿಸೆಂಬರ್ 3 ಬಂತೆಂದರೆ ನನ್ನ ತಮ್ಮನಿಗೆ ಒಂದು ಶಾಲು, ಎರಡು ಬಾಳೆಹಣ್ಣು, ಒಂದು ಸೇಬು ಸಿಗುತ್ತದೆ. ಅಂದು ವಿಶ್ವ ಅಂಗವಿಕಲರ ದಿನ. ‘ಇವರು ದೇವರ ಮಕ್ಕಳು’ ಎಂದು ಭಾಷಣ ಮಾಡಿದವರು ಅವನ ಹೆಗಲ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಈ ದೇವರ ಮಗುವಿಗೆ ಈಗ 36 ವರ್ಷ, ಗಡ್ಡ ಅರ್ಧ ನೆರೆತಿದೆ. ಮಾರನೇ ದಿನ ಬೆಳಿಗ್ಗೆ ಎದ್ದು ಅವನು ಎಲ್ಲಿಗೆ ಹೋಗಬೇಕು ಎಂದು ಕೇಳಿದವರನ್ನು ನಾನು ಇನ್ನೂ ನೋಡಿಲ್ಲ.

ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಹದಿನೆಂಟರವರೆಗೆ ಹೇಗೋ ವಿಶೇಷ ಶಾಲೆ ಇರುತ್ತದೆ. ಆಮೇಲೆ ಜಗಲಿ, ಟಿ.ವಿ., ಮತ್ತೆ ಜಗಲಿ. ನಮ್ಮ ಮನೆಯಲ್ಲೂ ಹದಿನಾಲ್ಕು ವರ್ಷ ಹಾಗೇ ಕಳೆಯಿತು.

ಅದು ತಪ್ಪಿದ್ದು ನಮ್ಮ ಬೀದಿಯ ಗಣಪತಿ ಅನ್ನಸಂತರ್ಪಣೆಯಲ್ಲಿ. ಆಳು ಸಾಲದೆ ಅಡುಗೆ ಭಟ್ಟರು ‘ಬಾರೋ, ಎಲೆ ಹಾಕು’ ಎಂದು ಇವನ ಕೈಗೆ ಬಾಳೆ ಎಲೆಯ ಕಟ್ಟು ಕೊಟ್ಟುಬಿಟ್ಟರು. ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕು. ಎದುರು ನಿಂತು ಹಾಕುವವನಿಗೆ ಅದು ಬಲ. ಈ ಅದಲುಬದಲು ಅವನಿಗೆ ಹತ್ತಲಿಲ್ಲ, ಮೊದಲ ಪಂಕ್ತಿಯಲ್ಲಿ ಅರ್ಧ ಎಲೆ ತಿರುಗುಮುರುಗು. ಯಾರೋ ನಕ್ಕರು. ಭಟ್ಟರು ನಗಲಿಲ್ಲ. ಹೂವಿನ ಹಾರದಿಂದ ಒಂದೆಳೆ ಬಾಳೆನಾರು ಎಳೆದು ಇವನ ಬಲಗೈಗೆ ಕಟ್ಟಿ, ‘ನಾರು ಇರೋ ಕೈ ಕಡೆಗೆ ತುದಿ’ ಎಂದರು. ಪಕ್ಕದಲ್ಲೇ ನಿಂತು ಹತ್ತು ಎಲೆ ಹಾಕಿಸಿದರು. ಮುಂದಿನ ಹತ್ತಕ್ಕೆ ಎರಡು ಹೆಜ್ಜೆ ಹಿಂದೆ ಸರಿದರು. ಮೂರನೇ ಪಂಕ್ತಿಯ ಹೊತ್ತಿಗೆ ಒಲೆ ಹತ್ತಿರ ಹೋಗಿ ಹುಳಿಯ ಉಪ್ಪು ನೋಡುತ್ತಿದ್ದರು. ಈಗ ಅವನಿಗೆ ನಾರು ಬೇಡ. ಬೇರೆಯವರು ತಪ್ಪಾಗಿ ಹಾಕಿದ ಎಲೆಯನ್ನೂ ಇವನೇ ಹೋಗಿ ತಿರುಗಿಸುತ್ತಾನೆ. ಉಪ್ಪಿನಕಾಯಿ ಬಡಿಸಿ ಆಗಿದ್ದರೂ ಬಿಡುವುದಿಲ್ಲ, ಅದೊಂದು ಬೇರೆ ರಗಳೆ.

ಅಲ್ಲಿಂದಾಚೆಗೆ ನಾಲ್ಕಾರು ಬೀದಿಗಳಲ್ಲಿ ಅವನ ಗುರುತಾಯಿತು. ಕಳೆದ ಮಳೆಗಾಲದಲ್ಲಿ ಅಮ್ಮ ಆಸ್ಪತ್ರೆಯಲ್ಲಿದ್ದಾಗ ದಾರಿ ತಪ್ಪಿ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ನಿಂತಿದ್ದ. ಸೊಪ್ಪು ಮಾರುವ ಅಜ್ಜಿಯೊಬ್ಬರು ‘ಎಲೆ ಹಾಕೋ ಹುಡುಗ ಅಲ್ವಾ ನೀನು’ ಎಂದು ಆಟೊ ಹತ್ತಿಸಿ ಕಳಿಸಿದರು.

ಆ ಧೈರ್ಯದ ಮೇಲೆ ಒಂದು ಕಡೆ ಸ್ವಯಂಸೇವಕರ ಪಟ್ಟಿಗೆ ಇವನ ಹೆಸರು ಕೊಡಲು ಹೋದೆ. ‘ಇವರನ್ನ ನೋಡ್ಕೊಳ್ಳೋಕೇ ಇನ್ನೊಬ್ರು ಬೇಕಲ್ಲ ಮೇಡಂ’ ಎಂದರು. ನಿಜ, ಬೇಕು. ಮೊದಲ ಒಂದೆರಡು ತಿಂಗಳು ಬೇಕು. ನಾನು ಕೇಳುತ್ತಿರುವುದೂ ಅದನ್ನೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ 4 ಮೀಸಲಾತಿ ಕೊಟ್ಟಿದೆ. ಅದರಲ್ಲಿ ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಮಾನಸಿಕ ಕಾಯಿಲೆ ಇತ್ಯಾದಿ ಇರುವವರಿಗೆಲ್ಲ ಸೇರಿ ಶೇ 1. ಪರೀಕ್ಷೆ ಬರೆದು ಅಲ್ಲಿಗೆ ಮುಟ್ಟುವವರ ಸಾಲಿನಲ್ಲಿ ನನ್ನ ತಮ್ಮ ಇಲ್ಲ. ಆದರೆ ಅದೇ ಕಾಯ್ದೆಯ 19ನೇ ಸೆಕ್ಷನ್ ಇಂಥವರಿಗೆಂದೇ ಪ್ರತ್ಯೇಕ ಕೌಶಲ ತರಬೇತಿ ಇರಬೇಕು, ಅದಕ್ಕೆ ಮಾರುಕಟ್ಟೆಯ ನಂಟೂ ಇರಬೇಕು ಎನ್ನುತ್ತದೆ. ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗೆಂದು ತೆಗೆದಿಡುವ ಶೇ 5ರ ಹಣ ಇದೆ. ಅದರಲ್ಲಿ ಗಾಲಿಕುರ್ಚಿ, ತ್ರಿಚಕ್ರ ವಾಹನ ಕೊಡಲಿ, ಖಂಡಿತ ಬೇಕು. ಆದರೆ ಇಡೀ ಊರು ನಡೆದು ಬರುವ ನನ್ನ ತಮ್ಮನಿಗೆ ಬೇಕಿರುವುದು ಗಾಲಿಯಲ್ಲ, ಒಬ್ಬ ಜೊತೆಗಾರ. ಭಟ್ಟರು ಒಂದು ಮಧ್ಯಾಹ್ನ ಮಾಡಿದ್ದನ್ನು ಎರಡು ತಿಂಗಳು ಮಾಡಲು ಯಾರಿಗಾದರೂ ಗೌರವಧನ ಕೊಟ್ಟರೆ ಸಾಕು. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಪಂಚಾಯಿತಿ ಪುನರ್ವಸತಿ ಕಾರ್ಯಕರ್ತರಿಗೆ ಗೊತ್ತೇ ಇರುತ್ತದೆ.

ಕೆಲಸಕ್ಕೇನು ಬರವೇ? ವಾಚನಾಲಯದಲ್ಲಿ ಪತ್ರಿಕೆ ಜೋಡಿಸುವುದು, ಮಹಾರಾಜ ಪಾರ್ಕಿನ ಗಿಡಗಳಿಗೆ ನೀರು ಹಾಕುವುದು, ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಸಾಲಿನಲ್ಲಿ ನಿಂತವರಿಗೆ ನೀರು ಕೊಡುವುದು. ಇದರಲ್ಲಿ ಯಾವುದು ಬೇಕು ಎಂದು ಮೊದಲು ಅವರನ್ನೇ ಕೇಳಬೇಕು. ನನ್ನ ತಮ್ಮನಿಗೆ ನೂಕುನುಗ್ಗಲು, ಮೈಕಿನ ಸದ್ದು ಆಗದು, ಹಾಸನಾಂಬೆಯ ಸಾಲಿಗೆ ಕಳಿಸಿದರೆ ಕಿವಿ ಮುಚ್ಚಿಕೊಂಡು ಕೂರುತ್ತಾನೆ. ಪತ್ರಿಕೆ ಜೋಡಿಸಲು ಕೊಟ್ಟರೆ ಅಂಚಿಗೆ ಅಂಚು ಕೂರಿಸದೆ ಏಳುವುದಿಲ್ಲ.

ಇನ್ನೊಂದು ಮಾತು. ‘ಸೇವೆ’ ಎಂಬ ಹೆಸರಿನಲ್ಲಿ ಇವರನ್ನು ಬಿಟ್ಟಿ ದುಡಿಸಿಕೊಳ್ಳುವವರೂ ಉಂಟು. ಎಲ್ಲರೂ ಪುಕ್ಕಟೆ ಮಾಡುವ ಕಡೆ ಇವರೂ ಪುಕ್ಕಟೆ ಮಾಡಲಿ. ಪಕ್ಕದವನಿಗೆ ಕೂಲಿ ಇದ್ದರೆ ಇವರಿಗೂ ಅಷ್ಟೇ ಕೂಲಿ ಇರಬೇಕು.

ಈ ಸಲದ ಡಿಸೆಂಬರ್ 3ರ ಸಭೆಯ ಊಟಕ್ಕೆ ಎಲೆ ಹಾಕುವವರು ಬೇಕಿದ್ದರೆ ದಯವಿಟ್ಟು ಹೇಳಿ ಕಳುಹಿಸಿ. ಅವನು ಬರುತ್ತಾನೆ. ಶಾಲು ಬೇಡ, ಬಡಿಸುವವರಿಗೆ ಕೊಡುವಷ್ಟು ಕೊಟ್ಟರಾಯಿತು.

– ಒಬ್ಬ ಅಕ್ಕ, ಹಾಸನ